ಮುತ್ತಾತನ ಪದಕ ಬೆಳ್ಳಿಯದಲ್ಲ, ಕಂಚಿನದು. ಇದು ನಕಲಿಯಾ?

ಪಿರಿಯಾಪಟ್ಟಣದ_ಹುಡುಗ · ಭಾನುವಾರ ರಾತ್ರಿ 9.10

ಎಲ್ಲರಿಗೂ ನಮಸ್ಕಾರ. ಹೋದ ವಾರ ಹಳ್ಳಿ ಮನೆಯ ಅಟ್ಟ ಖಾಲಿ ಮಾಡುವಾಗ ಒಂದು ತಗಡಿನ ಟ್ರಂಕಿನಲ್ಲಿ ಮೂರು ಪದಕ ಸಿಕ್ಕಿದವು. ಎರಡು ನನ್ನ ತಾತನವು, ಒಂದು ಮುತ್ತಾತನದು. ಮುತ್ತಾತ ಮೈಸೂರು ಮಹಾರಾಜರ ಕುದುರೆ ಪಡೆಯಲ್ಲಿ ಸವಾರರಾಗಿದ್ದರು, ಮೊದಲ ಮಹಾಯುದ್ಧದ ಹೈಫಾ (ಈಗ ಇಸ್ರೇಲಿನಲ್ಲಿರುವ ಊರು) ಯುದ್ಧದಲ್ಲಿ ಭರ್ಜಿ ಹಿಡಿದು ನುಗ್ಗಿದ್ದರು ಅಂತ ನಮ್ಮ ಮನೆಯಲ್ಲಿ ಚಿಕ್ಕಂದಿನಿಂದ ಕೇಳಿಕೊಂಡು ಬಂದಿದ್ದೇವೆ.

ಮುತ್ತಾತನ ಪದಕದ ಒಂದು ಕಡೆ ರಾಜನ ತಲೆ ಇದೆ. ಇನ್ನೊಂದು ಕಡೆ ಕುದುರೆ ಮೇಲೆ ಮೈಮೇಲೆ ಬಟ್ಟೆ ಇಲ್ಲದ ಮನುಷ್ಯ, ಪಕ್ಕದಲ್ಲಿ 1914 ಮತ್ತು 1918. ನೆಟ್‌ನಲ್ಲಿ ಹುಡುಕಿದರೆ ಇದೇ ಪದಕ ಸಿಗುತ್ತದೆ, ಆದರೆ ಎಲ್ಲ ಕಡೆ ಬೆಳ್ಳಿಯದೇ ತೋರಿಸುತ್ತಿದೆ. ನಮ್ಮದು ಕಂದು ಬಣ್ಣ. ಪೇಟೆಯ ಒಬ್ಬ ಅಂಗಡಿಯವರಿಗೆ ತೋರಿಸಿದೆ. "ಇದು ನಕಲಿ, ನಿಜವಾದದ್ದು ಬೆಳ್ಳಿ ಇರುತ್ತೆ, ಇನ್ನೂರು ರೂಪಾಯಿ ಕೊಡ್ತೀನಿ" ಅಂದರು. ಮನಸ್ಸಿಗೆ ತುಂಬಾ ಬೇಜಾರಾಯಿತು. ಕೊಡದೆ ವಾಪಸ್ ತಂದೆ.

ಮೂರು ಪ್ರಶ್ನೆ. ಇದು ನಕಲಿಯಾ? ಅಂಚಿನಲ್ಲಿ ಏನೋ ಸಣ್ಣ ಅಕ್ಷರ ಇದೆ, ಅದನ್ನು ಓದುವುದು ಹೇಗೆ? ದೊಡ್ಡಪ್ಪ ಇದನ್ನು ಉಜ್ಜಿ ಹೊಳಪು ಮಾಡೋಣ ಅಂತಿದ್ದಾರೆ, ಮಾಡಬಹುದಾ?

ಹಳೇನಾಣ್ಯ · 9.22

ಉಜ್ಜಬೇಡಿ! ಮೊದಲು ದೊಡ್ಡಪ್ಪನ ಕೈಯಿಂದ ಅದನ್ನು ತೆಗೆದು ಎತ್ತಿಡಿ, ಉಳಿದದ್ದು ಆಮೇಲೆ ಮಾತಾಡೋಣ.

ಅಂಚು_ಓದುಗ · 9.41

ನಕಲಿ ಅಲ್ಲ ಅಂತಲೇ ನನಗೆ ಅನಿಸುತ್ತಿದೆ. ಅಂಗಡಿಯವರು ಹೇಳಿದ್ದು ಅರ್ಧ ಸತ್ಯ.

ನೀವು ಹೇಳುತ್ತಿರುವುದು ಬ್ರಿಟಿಷ್ ವಾರ್ ಮೆಡಲ್. ಮೊದಲ ಮಹಾಯುದ್ಧದ್ದು. ಅಡ್ಡಳತೆ 36 ಮಿಲಿಮೀಟರ್ ಇರಬೇಕು, ಸ್ಕೇಲ್ ಇಟ್ಟು ನೋಡಿ. ಸುಮಾರು 65 ಲಕ್ಷ ಬೆಳ್ಳಿ ಪದಕ ಹಂಚಿದರು. ಅದರ ಜೊತೆಗೆ ಸುಮಾರು 1 ಲಕ್ಷ 10 ಸಾವಿರ ಪದಕಗಳನ್ನು ಕಂಚಿನಲ್ಲಿ ಮಾಡಿದರು. ಕಂಚಿನದು ಕಾದಾಡುವ ಸಿಪಾಯಿಗಳಿಗಲ್ಲ. ಚೀನಾ, ಮಾಲ್ಟಾ, ಭಾರತದ ಕೂಲಿ ದಳಗಳಿಗೆ, ಸೈನ್ಯದ ಹಿಂದೆ ಹೋಗುತ್ತಿದ್ದ ಕೆಲಸಗಾರರಿಗೆ ಕೊಟ್ಟದ್ದು. ಹಾಗಾಗಿ ಕಂಚು ಅಂದ ಕೂಡಲೇ ನಕಲಿ ಅಲ್ಲ. ಬೆಳ್ಳಿಯದಕ್ಕಿಂತ ಕಂಚಿನದೇ ಕಡಿಮೆ ಸಿಗುತ್ತದೆ.

ಅಂಚು ಓದಲು: ರಾತ್ರಿ ಲೈಟ್ ಆರಿಸಿ. ಪದಕವನ್ನು ನಿಲ್ಲಿಸಿ ಹಿಡಿದು, ಟಾರ್ಚನ್ನು ಪಕ್ಕದಿಂದ ಓರೆಯಾಗಿ ಬಿಡಿ. ನೇರ ಬೆಳಕಿನಲ್ಲಿ ಕಾಣದ ಅಕ್ಷರ ನೆರಳಿನಲ್ಲಿ ಎದ್ದು ಕಾಣುತ್ತದೆ. ಅದೂ ಆಗದಿದ್ದರೆ ತೆಳು ಕಾಗದ ಸುತ್ತಿ ಪೆನ್ಸಿಲ್ ಮೆಲ್ಲಗೆ ಆಡಿಸಿ. ಮಕ್ಕಳು ನಾಣ್ಯದ ಅಚ್ಚು ತೆಗೆಯುತ್ತಾರಲ್ಲ, ಹಾಗೆ. ಮೇಣ, ಜೇಡಿಮಣ್ಣು ಒತ್ತಬೇಡಿ.

ಅಂಚಿನಲ್ಲಿ ಸಾಮಾನ್ಯವಾಗಿ ನಂಬರ್, ಹುದ್ದೆ, ಹೆಸರು, ದಳ ಈ ಕ್ರಮದಲ್ಲಿರುತ್ತದೆ. ಇದ್ದದ್ದು ಇದ್ದ ಹಾಗೆ ಬರೆದು ಹಾಕಿ. ಹೆಸರು ಮಾತ್ರ ಇಲ್ಲಿ ಹಾಕಬೇಡಿ.

ಧಾರವಾಡ_ಪೇಡೆ · 9.58

ಹೈಫಾ ಅಂದರೆ ದೆಹಲಿಯ ತೀನ್ ಮೂರ್ತಿ ಅಲ್ವಾ? ಮೂರು ಪಡೆ ಸೇರಿ ನುಗ್ಗಿದ್ದು: ಮೈಸೂರು, ಜೋಧಪುರ, ಹೈದರಾಬಾದ್. ಮೂರು ಮೂರ್ತಿ ಅದಕ್ಕೇ.

ಅಂಚು_ಓದುಗ · 10.05

@ಧಾರವಾಡ_ಪೇಡೆ ಮೂರ್ತಿಗಳು ಆ ಮೂರು ಪಡೆಯವೇ, ಸರಿ. 1922ರಲ್ಲಿ ನಿಲ್ಲಿಸಿದ್ದು. ಆದರೆ ಅದು ಆ ಮೂರೂ ಸೇರಿದ್ದ ಇಡೀ ಬ್ರಿಗೇಡಿನ ಸ್ಮಾರಕ, ಹೈಫಾ ಒಂದರದ್ದೇ ಅಲ್ಲ. 1918ರ ಸೆಪ್ಟೆಂಬರ್ 23ರಂದು ಹೈಫಾ ಊರಿನ ಮೇಲೆ ನುಗ್ಗಿದ್ದು ಜೋಧಪುರ ಮತ್ತು ಮೈಸೂರು. ಹೈದರಾಬಾದ್ ಲ್ಯಾನ್ಸರ್ಸ್ (ಲ್ಯಾನ್ಸರ್ಸ್ ಅಂದರೆ ಭರ್ಜಿ ಹಿಡಿದ ಕುದುರೆ ಪಡೆ) ಆ ದಾಳಿಯಲ್ಲಿ ಇರಲಿಲ್ಲ.

ಮೈಸೂರಿನವರ ಕೆಲಸವನ್ನು ಜನ ಮರೆಯುತ್ತಾರೆ. ಕಾರ್ಮೆಲ್ ಗುಡ್ಡದ ಮೇಲೆ ತುರ್ಕರ ತೋಪುಗಳಿದ್ದವು. ಅವು ಸದ್ದು ನಿಲ್ಲಿಸದೆ ಕೆಳಗಿನ ದಾರಿಯಲ್ಲಿ ಯಾರೂ ಹೋಗುವಂತಿರಲಿಲ್ಲ. ಆ ಕಡಿದಾದ ಗುಡ್ಡ ಹತ್ತಿ ತೋಪು ಹಿಡಿಯಲು ಹೋದದ್ದು ಮೈಸೂರು ಸವಾರರ ತುಕಡಿ. ಜೋಧಪುರದವರು ಕೆಳಗಿನಿಂದ ನುಗ್ಗಿದರು, ಅವರ ಮೇಜರ್ ದಳಪತ್ ಸಿಂಗ್ ಅಲ್ಲೇ ಸತ್ತರು. ಸಂಜೆಯೊಳಗೆ 1,350 ಜನ ಸೆರೆ, 17 ತೋಪು ವಶ.

ಧಾರವಾಡ_ಪೇಡೆ · 10.11

ಹೌದಾ! ಇಷ್ಟು ವರ್ಷ ತಪ್ಪು ತಿಳಿದುಕೊಂಡಿದ್ದೆ. ಧನ್ಯವಾದ ರೀ.

ಬೆಳ್ಳಿ_ಅಂಗಡಿ · 10.30

ನಮ್ಮದು ಮೂರು ತಲೆಮಾರಿನ ಬೆಳ್ಳಿ ಕೆಲಸ. ಒಂದು ವಿಷಯ ಹೇಳಲೇಬೇಕು. ಬ್ರಿಟಿಷ್ ವಾರ್ ಮೆಡಲ್ ಅಂದರೆ ಸುಮಾರು ಒಂದು ಔನ್ಸ್ ಬೆಳ್ಳಿ. 1980ರ ಜನವರಿಯಲ್ಲಿ ಬೆಳ್ಳಿ ದರ ಪ್ರಪಂಚದಲ್ಲೆಲ್ಲ ಏಕಾಏಕಿ ಏರಿತು. ಆಗ ನಾನು ಹೈಸ್ಕೂಲು. ನಮ್ಮ ತಂದೆಯ ಅಂಗಡಿಗೆ ಜನ ಕಾಲ್ಗೆಜ್ಜೆ, ಪಂಚಪಾತ್ರೆ, ತಟ್ಟೆಗಳ ಜೊತೆ ಇಂಥ ಪದಕಗಳನ್ನೂ ತಂದು ಸುರಿದರು. ಎಲ್ಲವೂ ಮೂಸೆಗೆ ಹೋದವು. ನಾನೇ ಕುಲುಮೆ ಊದಿದ್ದೇನೆ. ಅಂಚಿನಲ್ಲಿ ಹೆಸರಿದೆ ಅಂತ ಯಾರೂ ನೋಡಲಿಲ್ಲ. ಇಂಗ್ಲೆಂಡಿನಲ್ಲೂ ಆ ವರ್ಷ ರಾಶಿ ರಾಶಿ ಪದಕ ಕರಗಿದವಂತೆ.

ಈಗ ಯಾರಾದರೂ ಪದಕ ತಂದರೆ ಮೊದಲು ಅಂಚು ಓದಿ ಹೇಳುತ್ತೇನೆ. "ಇದರಲ್ಲಿ ನಿಮ್ಮ ತಾತನ ಹೆಸರಿದೆ ನೋಡಿ" ಅಂದ ಕೂಡಲೇ ಹತ್ತರಲ್ಲಿ ಎಂಟು ಜನ ಮಾರದೆ ಮನೆಗೆ ಒಯ್ಯುತ್ತಾರೆ. ನಿಮ್ಮದು ಕಂಚು ಆದ್ದರಿಂದಲೇ ಉಳಿಯಿತು ಅಂದುಕೊಳ್ಳಿ.

ಪಿರಿಯಾಪಟ್ಟಣದ_ಹುಡುಗ · ಸೋಮವಾರ ಬೆಳಿಗ್ಗೆ 6.50

ರಾತ್ರಿ ಟಾರ್ಚ್ ಬಿಟ್ಟು ಓದಿದೆ. ಕೈ ನಡುಗುತ್ತಿತ್ತು. 36 ಮಿಲಿಮೀಟರ್ ಸರಿಯಾಗಿದೆ. ಅಂಚಿನಲ್ಲಿ ಹೀಗಿದೆ: ಒಂದು ನಂಬರ್, ಆಮೇಲೆ ಇಂಗ್ಲಿಷಿನಲ್ಲಿ ಎಸ್, ವೈ, ಸಿ, ಇ ಅಂತ ನಾಲ್ಕು ಅಕ್ಷರ, ಆಮೇಲೆ ಮುತ್ತಾತನ ಹೆಸರು (ಕಾಗುಣಿತ ಸ್ವಲ್ಪ ಬೇರೆ, ಆದರೆ ಅವರದೇ), ಆಮೇಲೆ ಮೈಸೂರ್, ಐ, ಎಸ್, ಲ್ಯಾನ್ಸರ್ಸ್.

ಐ ಎಸ್ ಅಂದರೆ ಇಂಪೀರಿಯಲ್ ಸರ್ವಿಸ್, ಬ್ರಿಟಿಷರ ಸೇವೆಗೆ ಕೊಟ್ಟ ಸಂಸ್ಥಾನದ ಪಡೆ, ಅಂತ ಗೊತ್ತಾಯಿತು. ಆ ನಾಲ್ಕು ಅಕ್ಷರ ಏನು? ಇನಿಷಿಯಲ್ ಇರಬಹುದಾ?

ಮಾಜಿ_ಹವಲ್ದಾರ್ · 7.15

ಇನಿಷಿಯಲ್ ಅಲ್ಲ ಮಗಾ. ಅದು ಒಂದೇ ಪದ, "ಸೈಸ್". ನಮ್ಮ ಕಡೆ ಸಾಯಿಸ್ ಅಂತಾರೆ. ಕುದುರೆ ನೋಡಿಕೊಳ್ಳುವವನು. ಮೇವು, ನೀರು, ಮಾಲೀಸು, ಲಾಯದ ಕೆಲಸ ಎಲ್ಲ ಅವನದೇ.

ಅಂಚು_ಓದುಗ · 7.40

ಹವಲ್ದಾರ್ ಸಾಹೇಬರು ಹೇಳಿದ್ದು ಸರಿ. ಪದಕ ಕಂಚಿನದು ಯಾಕೆ ಅನ್ನುವುದಕ್ಕೂ ಅದೇ ಉತ್ತರ. ಸವಾರನಾಗಿದ್ದರೆ "ಸವಾರ್" ಅಂತ ಇರುತ್ತಿತ್ತು, ಪದಕ ಬೆಳ್ಳಿಯದಿರುತ್ತಿತ್ತು. ಸೈನ್ಯದ ಲೆಕ್ಕದಲ್ಲಿ ಸಾಯಿಸ್, ಅಡುಗೆಯವನು, ನೀರು ಹೊರುವ ಭಿಸ್ತಿ, ಇವರೆಲ್ಲ "ಫಾಲೋಅರ್" ಅಂದರೆ ಹಿಂಬಾಲಕರು. ಅವರಿಗೆ ಲೋಹವೂ ಬೇರೆ. ಇದು ಹೊಸ ಪದ್ಧತಿಯೂ ಅಲ್ಲ. 1895ರ ಇಂಡಿಯಾ ಮೆಡಲ್‌ನಲ್ಲೂ ಸಿಪಾಯಿಗೆ ಬೆಳ್ಳಿ, ಹಿಂಬಾಲಕನಿಗೆ ಕಂಚು.

ಪದಕ ಅಸಲಿ. ಇನ್ನು ಅನುಮಾನ ಬೇಡ.

ಪಿರಿಯಾಪಟ್ಟಣದ_ಹುಡುಗ · 8.05

ಏನು ಹೇಳಬೇಕೋ ಗೊತ್ತಾಗುತ್ತಿಲ್ಲ. ದೊಡ್ಡಪ್ಪನಿಗೆ ಓದಿ ಹೇಳಿದೆ. ಅವರು ಮಾತಾಡದೆ ಎದ್ದು ಹಿತ್ತಲಿಗೆ ಹೋದರು. ನಮ್ಮ ಮನೆಯ ಪ್ರತಿ ಮದುವೆಯಲ್ಲೂ, ಪ್ರತಿ ತಿಥಿಯಲ್ಲೂ ಅವರು ಹೇಳುತ್ತಿದ್ದ ಕಥೆ ಇದು. ಭರ್ಜಿ, ಕುದುರೆ, ತುರ್ಕರ ತೋಪು. ಈಗ ನಾನೇ ಅದನ್ನು ಹಾಳು ಮಾಡಿದೆ ಅನಿಸುತ್ತಿದೆ.

ಹಳೇನಾಣ್ಯ · 8.12

ಹಾಳು ಮಾಡಲಿಲ್ಲ. ನಿಜ ಗೊತ್ತಾಯಿತು ಅಷ್ಟೇ.

ಮಾಜಿ_ಹವಲ್ದಾರ್ · 8.45

ಮಗಾ, ದೊಡ್ಡಪ್ಪನಿಗೆ ನನ್ನ ಕಡೆಯಿಂದ ಇದನ್ನು ಓದಿ ಹೇಳು.

ನಾನು 24 ವರ್ಷ ಸೈನ್ಯದಲ್ಲಿದ್ದೆ. 1971ರಲ್ಲಿ ಪೂರ್ವದ ಕಡೆ ಇದ್ದೆ, ಪೂರ್ವಿ ಸ್ಟಾರ್ ಇದೆ, ಸಂಗ್ರಾಮ್ ಮೆಡಲ್ ಇದೆ. ನಾನು ಗುಂಡು ಹಾರಿಸಿದ್ದು ಕಡಿಮೆ, ಲಾರಿ ಓಡಿಸಿದ್ದೇ ಜಾಸ್ತಿ. ರಾತ್ರಿ ದೀಪ ಹಾಕದೆ ಕೆಸರಿನಲ್ಲಿ ಮದ್ದುಗುಂಡು ಸಾಗಿಸಿದೆ. ಅದು ಯುದ್ಧ ಅಲ್ಲ ಅಂತ ಯಾರಾದರೂ ಹೇಳಲಿ ನೋಡೋಣ.

ಹೈಫಾ ಲೆಕ್ಕ ನೋಡು. ಆ ದಿನ ಸತ್ತವರು 8, ಗಾಯವಾದವರು 34. ಕುದುರೆ ಸತ್ತದ್ದು 60, ಗಾಯವಾದದ್ದು 83. ಆ 83 ಕುದುರೆಗಳ ಗಾಯ ತೊಳೆದದ್ದು ಯಾರು? ಗುಂಡು ತಗುಲಿ ಒದ್ದಾಡುವ ಪ್ರಾಣಿಯ ತಲೆ ಹಿಡಿದು ಕೂತವರು ಯಾರು? ಮೈಸೂರು ಪಡೆ ಅಲ್ಲಿಗೆ ನಿಲ್ಲಲೂ ಇಲ್ಲ. ಒಂದು ತಿಂಗಳಲ್ಲಿ ದಮಾಸ್ಕಸ್ ದಾಟಿ ಅಲೆಪ್ಪೋವರೆಗೆ ಹೋದರು, ಅಕ್ಟೋಬರ್ 26ರಂದು ಅದರ ಹತ್ತಿರದ ಹರಿತಾನ್‌ನಲ್ಲಿ ಮತ್ತೆ ನುಗ್ಗಿದರು. ನೀರಿಲ್ಲದ ಸೀಮೆಯಲ್ಲಿ ಅಷ್ಟು ದೂರ ಕುದುರೆಗಳನ್ನು ಜೀವಂತ ಕರೆದೊಯ್ದದ್ದು ಸಾಯಿಸರು. ಸವಾರ ಒಂದು ದಿನ ನುಗ್ಗಿದ. ಇವರು ನಾಲ್ಕು ವರ್ಷ ದಿನಾ ಬೆಳಗಿನ ಜಾವ ಎದ್ದರು.

ಕಾಫಿ_ತೋಟ · 9.02

ಹವಲ್ದಾರ್ ಸಾಹೇಬರೇ, ಓದಿ ಕಣ್ಣು ತುಂಬಿತು.

ನೇರ_ಮಾತು · 9.30

ನನ್ನದು ಬೇರೆ ಅಭಿಪ್ರಾಯ. ಯಾರಿಗೂ ಬೇಸರ ಮಾಡುವ ಉದ್ದೇಶವಿಲ್ಲ. ಇದು ಬ್ರಿಟಿಷರು ನಮ್ಮ ಜನರನ್ನು ಅವರ ಯುದ್ಧಕ್ಕೆ ಬಳಸಿಕೊಂಡು ಕೊಟ್ಟ ಬಿಲ್ಲೆ. ಅದರಲ್ಲೂ ನಮ್ಮವರಲ್ಲೇ ಬೆಳ್ಳಿ, ಕಂಚು ಅಂತ ಭೇದ ಮಾಡಿದ್ದಾರೆ. ಇದನ್ನು ಹುಡುಕಿ, ಕೊಂಡು, ಚೌಕಟ್ಟು ಹಾಕಿ ಗೋಡೆಗೆ ತೂಗು ಹಾಕುವುದು ಯಾಕೆ? ಪ್ಯಾಲೆಸ್ತೀನಿನಲ್ಲಿ ಮೈಸೂರಿನವರಿಗೆ ಏನು ಕೆಲಸವಿತ್ತು?

ಹಳೇನಾಣ್ಯ · 9.41

ಪ್ರಶ್ನೆ ಸರಿಯಾಗಿದೆ. ಉತ್ತರ ಸುಲಭ ಇಲ್ಲ. ಆದರೆ ಬಿಸಾಡಿದರೆ ಭೇದ ಮಾಡಿದ್ದಕ್ಕೆ ಇರುವ ಸಾಕ್ಷಿಯೂ ಹೋಗುತ್ತದಲ್ಲ?

ಕಾಫಿ_ತೋಟ · 10.20

ಈ ಮಾತಿಗೆ ಕೊಡಗಿನ ಪದಕದ ವಿಷಯ ಹೇಳಬೇಕು. 1837ರಲ್ಲಿ ದಂಗೆ ಆದಾಗ ಕಂಪನಿ ಪರವಾಗಿ ನಿಂತ ಕೊಡಗಿನವರಿಗೆ ಕಂಪನಿ ಸರ್ಕಾರ ಒಂದು ಪದಕ ಕೊಟ್ಟಿತು. ಚಿನ್ನದಲ್ಲಿ ಕೆಲವು, ಬೆಳ್ಳಿಯಲ್ಲಿ ಹಲವು. ಅಗಲ 50 ಮಿಲಿಮೀಟರ್. ಒಂದು ಮುಖದಲ್ಲಿ ಕೊಡಗಿನ ಯೋಧ ಕತ್ತಿ ಎತ್ತಿ ನಿಂತಿದ್ದಾನೆ, ಸುತ್ತ ಬರೆದಿರುವುದು ಕನ್ನಡದಲ್ಲಿ! ಇನ್ನೊಂದು ಮುಖದಲ್ಲಿ ಇಂಗ್ಲಿಷ್. ಕಂಪನಿಯ ಪದಕದ ಮೇಲೆ ಕನ್ನಡ ಅಕ್ಷರ ನೋಡಿದಾಗ ಮೈ ಜುಮ್ಮೆಂದಿತ್ತು.

ನಾನು ಒಮ್ಮೆ ಮಾತ್ರ ಅಸಲಿ ಕೈಯಲ್ಲಿ ಹಿಡಿದಿದ್ದೇನೆ. ಒಂದು ಐನ್‌ಮನೆಯಲ್ಲಿ (ಕೊಡಗಿನ ಕುಟುಂಬದ ಮೂಲ ಮನೆ), ನೆಲ್ಲಕ್ಕಿ ಬಾಡೆ ಅನ್ನುವ ನಡುಮನೆಯ ತೂಗುದೀಪದ ಕೆಳಗೆ ಹಿರಿಯರು ತೋರಿಸಿದರು. ಎಷ್ಟು ದುಡ್ಡು ಕೊಟ್ಟರೂ ಅವರು ಮಾರುವುದಿಲ್ಲ.

ಸುಳ್ಯ_ಸೀಮೆ · 10.48

@ಕಾಫಿ_ತೋಟ ದಂಗೆ ಅನ್ನಬೇಡಿ. ನಮಗೆ ಅದು ಅಮರ ಸುಳ್ಯದ ಸ್ವಾತಂತ್ರ್ಯ ಹೋರಾಟ. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಇಳಿಸಿದರು, ಅಮರ ಸುಳ್ಯ ಪುತ್ತೂರು ಮಾಗಣೆಗಳನ್ನು ಕೊಡಗಿನಿಂದ ಕಿತ್ತು ಕೆನರಾಕ್ಕೆ ಸೇರಿಸಿದರು. ಬೆಳೆ ಕೊಟ್ಟು ಕಂದಾಯ ತೀರಿಸುತ್ತಿದ್ದ ರೈತರಿಗೆ ನಗದು ಕಟ್ಟಿ ಅಂದರು. ಜನ ಎದ್ದರು. 1837ರ ಏಪ್ರಿಲ್ 5ರಂದು ಮಂಗಳೂರಿನ ಬಾವುಟಗುಡ್ಡೆಯಲ್ಲಿ ಬಾವುಟ ಹಾರಿಸಿದರು. ಅದೇ ಅಕ್ಟೋಬರ್ 31ರಂದು ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿ ಕೋಟೆಯಲ್ಲಿ ನೇಣಿಗೆ ಹಾಕಿದರು.

ನೀವು ಜುಮ್ಮೆನ್ನುವ ಆ ಪದಕ ಕೊಟ್ಟದ್ದು ಇವರನ್ನು ಅಡಗಿಸಿದ್ದಕ್ಕೆ. ನೇಣಿಗೆ ಹೋದವರಿಗೆ ಯಾವ ಪದಕ?

ಕಾಫಿ_ತೋಟ · 11.15

ನಿಮ್ಮ ನೋವು ನನಗೆ ಅರ್ಥವಾಗುತ್ತದೆ. ಮಡಿಕೇರಿಯಲ್ಲಿ ಅಪ್ಪಯ್ಯ ಗೌಡರ ಪ್ರತಿಮೆ ಮುಂದೆ ಹೋದಾಗಲೆಲ್ಲ ನಾನೂ ನಿಂತು ಹೋಗುತ್ತೇನೆ. ಜುಮ್ಮೆಂದದ್ದು ಕನ್ನಡ ಅಕ್ಷರಕ್ಕೆ, ಆ ಕೆಲಸಕ್ಕಲ್ಲ. "ದಂಗೆ" ಅನ್ನುವ ಪದ ಕಂಪನಿಯದು, ಒಪ್ಪುತ್ತೇನೆ. ಇನ್ನು ಹೋರಾಟ ಅಂತಲೇ ಬರೆಯುತ್ತೇನೆ.

ಆದರೆ ಒಂದು ಕೇಳಿ. ಆ ಪದಕ ಇಲ್ಲದಿದ್ದರೆ, ಜನ ಎಷ್ಟು ಜೋರಾಗಿ ಎದ್ದಿದ್ದರು ಅನ್ನುವುದು ಕಂಪನಿಯ ಬಾಯಿಂದಲೇ ನಮಗೆ ಗೊತ್ತಾಗುತ್ತಿತ್ತಾ? ಸಣ್ಣ ಗಲಾಟೆಗೆ ಯಾರೂ ಚಿನ್ನದ ಪದಕ ಹೊಡೆಸುವುದಿಲ್ಲ.

ಸುಳ್ಯ_ಸೀಮೆ · 11.31

ಈ ಮಾತು ಒಪ್ಪಿದೆ. ಅದಕ್ಕೇ ಹೇಳುವುದು, ಪದಕ ತೋರಿಸುವಾಗ ಎರಡೂ ಕಡೆಯವರ ಕಥೆ ಹೇಳಿ. ಒಂದೇ ಕಡೆ ಹೇಳಬೇಡಿ.

ಧಾರವಾಡ_ಪೇಡೆ · 11.50

ಶ್ರೀರಂಗಪಟ್ಟಣದ ಪದಕದ ಬಗ್ಗೆ ಯಾರಿಗಾದರೂ ಗೊತ್ತಾ? ನನ್ನ ಹತ್ತಿರ ಒಂದಿದೆ. ಸಿಂಹ ಹುಲಿಯನ್ನು ಕೆಡವಿರುವುದು. ಎಂಟು ಸಾವಿರ ಕೊಟ್ಟು ಒಬ್ಬ ವ್ಯಾಪಾರಿಯ ಹತ್ತಿರ ಕೊಂಡೆ. ಟಿಪ್ಪು ಸುಲ್ತಾನನ ಕಾಲದ್ದು, ಕೋಟೆಯ ಹತ್ತಿರ ಹೊಲ ಉಳುವಾಗ ಸಿಕ್ಕಿದ್ದು ಅಂದರು.

ಅಂಚು_ಓದುಗ · ಮಧ್ಯಾಹ್ನ 12.20

ಹೊಲದಲ್ಲಿ ಸಿಕ್ಕ ಕಥೆ ಕೇಳಿದ ಕೂಡಲೇ ಕೈ ಹಿಂದಕ್ಕೆ ತೆಗೆಯಬೇಕು.

ಆ ಪದಕ ಟಿಪ್ಪು ಕೊಟ್ಟದ್ದಲ್ಲ. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಈಸ್ಟ್ ಇಂಡಿಯಾ ಕಂಪನಿ ಹೊಡೆಸಿದ್ದು. ಬ್ರಿಟನ್ನಿನ ಸಿಂಹ ಮೈಸೂರಿನ ಹುಲಿಯನ್ನು ಕೆಡವಿದೆ. ಮೇಲಿನ ಬಾವುಟದಲ್ಲಿ ಅರಬ್ಬಿಯಲ್ಲಿ "ಅಸದುಲ್ಲಾ ಅಲ್ ಗಾಲಿಬ್" ಅಂತಿದೆ, ದೇವರ ಸಿಂಹವೇ ಗೆಲ್ಲುವುದು ಅಂತ ಅರ್ಥ. ಇನ್ನೊಂದು ಕಡೆ ಕೋಟೆಗೆ ನುಗ್ಗುವ ದೃಶ್ಯ. ವಿನ್ಯಾಸ ಕೂಚ್ಲರ್ ಅನ್ನುವವರದು, ಬರ್ಮಿಂಗ್‌ಹ್ಯಾಮ್ ಹತ್ತಿರ ಮ್ಯಾಥ್ಯೂ ಬೌಲ್ಟನ್ನರ ಸೋಹೋ ಟಂಕಸಾಲೆಯಲ್ಲಿ ಮಾಡಿದರು. ಇಲ್ಲೂ ಅಂತಸ್ತಿನ ಪ್ರಕಾರ ಲೋಹ: ಚಿನ್ನ, ಚಿನ್ನದ ಲೇಪದ ಬೆಳ್ಳಿ, ಬೆಳ್ಳಿ, ಕಂಚು, ಕೊನೆಗೆ ಸಾಮಾನ್ಯ ಸಿಪಾಯಿಗೆ ತವರ. ಸೋಹೋದಲ್ಲಿ ಮಾಡಿದ್ದು 48 ಮಿಲಿಮೀಟರ್, ಕಲ್ಕತ್ತಾದಲ್ಲಿ ಹೊಡೆದದ್ದು 45.

ಕಷ್ಟ ಏನೆಂದರೆ ಇದರ ಅಂಚಿನಲ್ಲಿ ಹೆಸರಿಲ್ಲ. ಹೆಸರಿಲ್ಲದ ಪದಕಕ್ಕೆ ಯಾರು ಬೇಕಾದರೂ ಕಥೆ ಕಟ್ಟಬಹುದು. ಆಮೇಲೆ ಮತ್ತೆ ಹೊಡೆದ ಪದಕಗಳೂ ಇವೆ, ಅಚ್ಚಿಗೆ ಎರಕ ಹೊಯ್ದ ನಕಲಿಗಳೂ ಇವೆ. ಎರಕದ್ದಾದರೆ ಮೈ ನಯವಾಗಿರದೆ ಸಣ್ಣ ಗುಳ್ಳೆ, ತೂತು ಕಾಣುತ್ತದೆ. ಅಂಚಿನಲ್ಲಿ ಎರಡು ಅರ್ಧ ಸೇರಿಸಿದ ಗೆರೆ ಇರುತ್ತದೆ. ಹುಲಿಯ ಪಟ್ಟೆ, ಸಿಪಾಯಿಗಳ ಮುಖ ಮಸುಕಾಗಿರುತ್ತವೆ. ಭೂತಗನ್ನಡಿ ಇಟ್ಟು ನೋಡಿ ಹೇಳಿ.

ಧಾರವಾಡ_ಪೇಡೆ · 12.55

ಅಂಚಿನಲ್ಲಿ ಗೆರೆ ಇದೆ. ಗುಳ್ಳೆನೂ ಇದೆ.

ಅಂಚು_ಓದುಗ · 1.02

ಬೇಸರ ಮಾಡಿಕೊಳ್ಳಬೇಡಿ. ನಾನು ಮೊದಲ ಮೂರು ವರ್ಷದಲ್ಲಿ ಕೊಂಡ ಪದಕಗಳಲ್ಲಿ ಆರು ಹಾಳು. ಅದರಲ್ಲಿ ಒಂದರ ಹಳೆಯ ಹೆಸರನ್ನು ಅರದಿಂದ ಉಜ್ಜಿ ತೆಗೆದು, ದೊಡ್ಡ ಯುದ್ಧದಲ್ಲಿದ್ದವನ ಹೆಸರು ಕೆತ್ತಿದ್ದರು. ಅಂಚಿನಿಂದ ಅಂಚಿಗೆ ಅಳೆದಾಗ ಅರ್ಧ ಮಿಲಿಮೀಟರ್ ಕಡಿಮೆ ಬಂತು, ಆಗ ಸಿಕ್ಕಿಬಿತ್ತು. ಅಂದಿನಿಂದ ಜೇಬಿನಲ್ಲಿ ಕ್ಯಾಲಿಪರ್ ಇಲ್ಲದೆ ಎಲ್ಲಿಗೂ ಹೋಗುವುದಿಲ್ಲ. ಆ ಹೊಸ ಹೆಸರಿಗಿಂತ, ಉಜ್ಜಿ ಹೋದ ಹೆಸರು ಯಾರದಿತ್ತು ಅನ್ನುವುದೇ ನನ್ನನ್ನು ಇವತ್ತಿಗೂ ಕಾಡುತ್ತದೆ.

ಬೆಳ್ಳಿ_ಅಂಗಡಿ · 1.30

ಉಜ್ಜುವ ವಿಷಯಕ್ಕೆ ಬರೋಣ, ಹುಡುಗನಿಗೆ ಯಾರೂ ಪೂರ್ತಿ ಉತ್ತರ ಹೇಳಿಲ್ಲ. ಹುಣಸೆಹುಳಿ, ಬೂದಿ, ನಿಂಬೆಹಣ್ಣು, ಪಾತ್ರೆ ಪುಡಿ ಯಾವುದೂ ಬೇಡ. ಒಂದೊಂದು ಸಲ ಉಜ್ಜಿದಾಗಲೂ ಲೋಹ ಒಂದು ಪದರ ಹೋಗುತ್ತದೆ. ಮೊದಲು ಸವೆಯುವುದು ಅಂಚಿನ ಅಕ್ಷರ. ಒಣಗಿದ ಮೆತ್ತನೆ ಹತ್ತಿ ಬಟ್ಟೆಯಲ್ಲಿ ಧೂಳು ಒರೆಸಿ, ಸಾಕು. ಕಂಚಿನ ಮೇಲಿನ ಕಂದು ಬಣ್ಣ ಕೊಳೆ ಅಲ್ಲ, ನೂರು ವರ್ಷದಲ್ಲಿ ತಾನಾಗಿ ಬಂದ ಕವಚ. ಹಸಿರು ಪುಡಿ ಏಳುತ್ತಿದ್ದರೆ ಮಾತ್ರ ತಿಳಿದವರಿಗೆ ತೋರಿಸಿ. ಮೆತ್ತಗಿರುವ ಪ್ಲಾಸ್ಟಿಕ್ ಜೇಬಿನಲ್ಲಿ ಇಡಬೇಡಿ, ಮಳೆಗಾಲದಲ್ಲಿ ಅದು ಬೆವರಿ ಪದಕಕ್ಕೆ ಅಂಟುತ್ತದೆ.

ಪಿರಿಯಾಪಟ್ಟಣದ_ಹುಡುಗ · 2.10

ದೊಡ್ಡಪ್ಪ ಒಂದು ಮೂಲೆ ಆಗಲೇ ಉಜ್ಜಿದ್ದಾರೆ. ರಾಜನ ಕಿವಿಯ ಹತ್ತಿರ ಹೊಳೆಯುತ್ತಿದೆ. ಇನ್ನು ಮುಟ್ಟುವುದಿಲ್ಲ.

ಇನ್ನೊಂದು ಮಾತು. ವಿದೇಶದಲ್ಲಿರುವ ಒಬ್ಬರು ನನಗೆ ಮೆಸೇಜ್ ಮಾಡಿ ಒಳ್ಳೆ ಬೆಲೆ ಕೊಡುತ್ತೇನೆ, ಪಾರ್ಸೆಲ್ ಮಾಡಿ ಅಂದಿದ್ದಾರೆ. ಮಾರುವ ಮನಸ್ಸಿಲ್ಲ. ಸುಮ್ನೆ ಕೇಳುತ್ತಿದ್ದೇನೆ, ಹಾಗೆ ಕಳಿಸಬಹುದಾ?

ಲೈಬ್ರರಿ_ಮೇಡಂ · 2.45

ಕಳಿಸಬೇಡಿ. 1972ರ ಪುರಾತನ ವಸ್ತು ಮತ್ತು ಕಲಾಸಂಪತ್ತು ಕಾಯ್ದೆ ಪ್ರಕಾರ 100 ವರ್ಷ ದಾಟಿದ ಇಂಥ ವಸ್ತುಗಳನ್ನು ಖಾಸಗಿ ವ್ಯಕ್ತಿ ದೇಶದಿಂದ ಹೊರಗೆ ಕಳಿಸುವಂತಿಲ್ಲ. ಮೊದಲ ಮಹಾಯುದ್ಧದ ಪದಕಗಳು ಈಗ ಆ ಗೆರೆಯ ಮೇಲೆ ಬಂದು ನಿಂತಿವೆ. ತುಂಬಾ ಜನಕ್ಕೆ ಇದು ಗೊತ್ತೇ ಇಲ್ಲ. ಮುಗ್ಧವಾಗಿ ಪಾರ್ಸೆಲ್ ಮಾಡಿ ತೊಂದರೆಗೆ ಸಿಕ್ಕಿಕೊಳ್ಳುತ್ತಾರೆ.

ಇನ್ನು ಹುಡುಕಾಟ. ನಿಮ್ಮ ಮುತ್ತಾತ ಯುದ್ಧ ಮುಗಿಸಿ ಊರಿಗೆ ಬಂದವರಲ್ವಾ? ಹಾಗಾದರೆ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿಯಲ್ಲಿ ಸಿಗುವುದಿಲ್ಲ, ಅದು ಸತ್ತವರದ್ದು ಮಾತ್ರ. ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರದ ಪದಕ ಕಾರ್ಡುಗಳಲ್ಲಿ ಇರುವುದು ಹೆಚ್ಚಾಗಿ ಬ್ರಿಟಿಷ್ ಸೈನ್ಯದವರು. ಭಾರತದ ಸೈನ್ಯದ ಕಡತಗಳನ್ನು ನೋಡಲು ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ವಿಭಾಗಕ್ಕೆ ಹೋಗಬೇಕು. ಪಂಜಾಬಿನವರಿಗೆ ಒಂದು ಅದೃಷ್ಟ ಇದೆ. ಲಾಹೋರ್ ವಸ್ತುಸಂಗ್ರಹಾಲಯದಲ್ಲಿ ಊರು ಊರಿನ ಲೆಕ್ಕದಲ್ಲಿ 3 ಲಕ್ಷ 20 ಸಾವಿರ ಸೈನಿಕರ ವಿವರ ಇತ್ತು, ಅದು 2021ರಿಂದ ನೆಟ್‌ನಲ್ಲಿ ಸಿಗುತ್ತಿದೆ. ನಮಗೆ ಅಂಥದ್ದು ಇಲ್ಲ.

ನೀವು ಮೊದಲು ಹೋಗಬೇಕಾದ್ದು ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರಕ್ಕೆ, ಆಮೇಲೆ ಅದರ ಮೈಸೂರು ಕಚೇರಿಗೆ. ಇಂಪೀರಿಯಲ್ ಸರ್ವಿಸ್ ಪಡೆಗಳು ಸಂಸ್ಥಾನದ್ದು, ಹಾಗಾಗಿ ಸಂಸ್ಥಾನದ ಸರ್ಕಾರಿ ಕಡತಗಳಲ್ಲೇ ಜಾಡು ಹಿಡಿಯಬೇಕು. ಅಂಚಿನಲ್ಲಿರುವ ನಂಬರ್ ಬರೆದುಕೊಂಡು ಹೋಗಿ. ಹೆಸರಿನ ಕಾಗುಣಿತ ಹತ್ತು ತರಹ ಇರುತ್ತದೆ. ನಂಬರ್ ಮಾತ್ರ ಬದಲಾಗುವುದಿಲ್ಲ.

ನೇರ_ಮಾತು · 3.20

ಮೇಡಂ ಹೇಳಿದ್ದು ಓದಿ ಒಂದು ವಿಚಾರ ಹೊಳೆಯಿತು. ಸವಾರರ, ಅಧಿಕಾರಿಗಳ ಹೆಸರು ವರದಿಗಳಲ್ಲಿ, ಕಲ್ಲುಗಳ ಮೇಲೆ ಇರುತ್ತದೆ. ಸಾಯಿಸನ ಹೆಸರು ಎಲ್ಲೂ ಇರಲಿಕ್ಕಿಲ್ಲ. ಬಹುಶಃ ಈ ಕಂಚಿನ ಅಂಚೊಂದೇ ಆ ಮನುಷ್ಯನ ಹೆಸರನ್ನು ಆ ಯುದ್ಧದ ಜೊತೆ ಜೋಡಿಸುವ ಬರಹ. ಬೆಳಿಗ್ಗೆ ನಾನು ಬಿಲ್ಲೆ ಅಂದೆ. ಆ ಪದ ವಾಪಸ್ ತೆಗೆದುಕೊಳ್ಳುತ್ತೇನೆ. ಯುದ್ಧದ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ. ಪದಕದ ಬಗ್ಗೆ ಬದಲಾಗಿದೆ.

ಹೈಫಾದಿಂದ_ಕುಡ್ಲ · 4.05

ನಾನು ಮಂಗಳೂರಿನವಳು. ಇಲ್ಲಿ ಹೈಫಾದಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ ಮಾಡುತ್ತೇನೆ. ಏಳು ವರ್ಷ ಆಯಿತು. ನಮ್ಮೂರಿನವರು ತುಂಬಾ ಜನ ಇದ್ದೇವೆ.

ಇಲ್ಲಿ ಭಾರತೀಯ ಸೈನಿಕರ ಸ್ಮಶಾನ ಇದೆ. ಪ್ರತಿ ವರ್ಷ ಸೆಪ್ಟೆಂಬರ್‌ನಲ್ಲಿ ಹೂವಿನ ಹಾರ ಇಡುತ್ತಾರೆ. ಎರಡು ಸಲ ಹೋಗಿದ್ದೆ. ಕಾರ್ಮೆಲ್ ಗುಡ್ಡ ದಿನಾ ಕಾಣುತ್ತದೆ, ನಾನು ನೋಡಿಕೊಳ್ಳುವ ಅಜ್ಜಿಯ ಮನೆ ಅದರ ಇಳಿಜಾರಿನಲ್ಲೇ. ಮಾರ್ಕೆಟ್ಟಿಂದ ಚೀಲ ಹಿಡಿದು ಹತ್ತುವಾಗ ಉಸಿರು ಸಿಕ್ಕಿಕೊಳ್ಳುತ್ತದೆ. ಕುದುರೆಗಳನ್ನು ಹೇಗೆ ಹತ್ತಿಸಿದರೋ ದೇವರೇ ಬಲ್ಲ.

ಅಣ್ಣ, ನಿಮ್ಮ ಮುತ್ತಾತ ಈ ದಾರಿಯಲ್ಲೇ ನಡೆದಿರಬೇಕು ಅಂತ ಓದುತ್ತಾ ಅಂದುಕೊಂಡೆ. ಇಲ್ಲಿ ನಾವೂ ಇನ್ನೊಬ್ಬರನ್ನು ನೋಡಿಕೊಳ್ಳುವ ಕೆಲಸಕ್ಕೇ ಬಂದವರು.

ಅಂಚು_ಓದುಗ · 4.30

ತಂಗೀ, ಒಂದು ಎಚ್ಚರಿಕೆ ಮಾತ್ರ ಸೇರಿಸುತ್ತೇನೆ, ತಪ್ಪು ತಿಳಿಯಬೇಡಿ. ಪದಕ ಹೇಳುವುದು ಅವರು ಮೈಸೂರು ಲ್ಯಾನ್ಸರ್ಸ್ ಜೊತೆ ಯುದ್ಧಕ್ಕೆ ಹೋಗಿದ್ದರು ಅಂತ. ಹೈಫಾದಲ್ಲಿ ಆ ದಿನ ಇದ್ದರು ಅಂತ ಪದಕ ಹೇಳುವುದಿಲ್ಲ. ಈ ಪದಕದ ರಿಬ್ಬನ್ ಮೇಲೆ ಯುದ್ಧದ ಹೆಸರು ಬರೆದ ಲೋಹದ ಪಟ್ಟಿ ಇರುವುದಿಲ್ಲ. ಕಡತ ಸಿಕ್ಕಿದರೆ ಗೊತ್ತಾಗುತ್ತದೆ. ಅಲ್ಲಿಯವರೆಗೆ "ಹೋಗಿರಬಹುದು" ಅಂತಲೇ ಬರೆಯೋಣ. ಒಂದು ತಪ್ಪು ಕಥೆ ತಿದ್ದಿದ ಮೇಲೆ ಅದರ ಜಾಗಕ್ಕೆ ಇನ್ನೊಂದು ತಪ್ಪು ಕಥೆ ಕೂರಬಾರದು.

ಹೈಫಾದಿಂದ_ಕುಡ್ಲ · 4.38

ಸರಿ ಅಣ್ಣ. ಹೋಗಿರಬಹುದು.

ಹಳೇನಾಣ್ಯ · 5.00

ಉಳಿದ ಎರಡು ಪದಕ ಯಾವುವು ಅಂತ ಹುಡುಗ ಹೇಳಲೇ ಇಲ್ಲ.

ಪಿರಿಯಾಪಟ್ಟಣದ_ಹುಡುಗ · 5.25

ತಾತನವು. ಒಂದರಲ್ಲಿ ಭಾರತದ ನಕ್ಷೆ, 1939-45 ಅಂತಿದೆ. ಇನ್ನೊಂದರಲ್ಲಿ ಸಿಂಹ ಯಾವುದೋ ಪ್ರಾಣಿ ಮೇಲೆ ನಿಂತಿದೆ. ಹೆಸರಿಲ್ಲ.

ಹಳೇನಾಣ್ಯ · 5.33

ನಕ್ಷೆಯದು ಇಂಡಿಯಾ ಸರ್ವಿಸ್ ಮೆಡಲ್. ನಕ್ಷೆ ಸರಿಯಾಗಿ ನೋಡಿ, ದೇಶ ಒಡೆಯುವ ಮುಂಚಿನದು. ಸಿಂಹದ್ದು 1939-45ರ ವಾರ್ ಮೆಡಲ್, ಕೆಳಗಿರುವುದು ಡ್ರ್ಯಾಗನ್. ಎರಡನೇ ಯುದ್ಧದಲ್ಲಿ ಬ್ರಿಟಿಷ್ ಸರ್ಕಾರ ತನ್ನ ಸೈನಿಕರ ಪದಕಗಳಿಗೆ ಹೆಸರು ಹಾಕಿಸಲಿಲ್ಲ. ಭಾರತೀಯರಿಗೆ ಬಂದವುಗಳಲ್ಲಿ ಕೆಲವಕ್ಕೆ ಹೆಸರಿರುತ್ತದೆ, ನಿಮ್ಮದಕ್ಕೆ ಇಲ್ಲ. ಇವು ತಾತನವೇ ಅಂತ ಈಗಲೇ ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ. ನಿಮ್ಮ ಮೊಮ್ಮಕ್ಕಳಿಗೆ ಹೇಳಲು ಅಂಚಿಲ್ಲ.

ಕಾಫಿ_ತೋಟ · 5.50

ವಂಶಸ್ಥರು ಇವನ್ನು ಹಾಕಿಕೊಳ್ಳಬಹುದಾ? ನನ್ನ ಅಕ್ಕನ ಮಗ ಕೇಳುತ್ತಿದ್ದ.

ಮಾಜಿ_ಹವಲ್ದಾರ್ · 6.10

ಸ್ವಂತ ಪದಕ ಎಡ ಎದೆಗೆ. ಹಿರಿಯರದ್ದಾದರೆ ಬಲ ಎದೆಗೆ, ಸ್ಮಾರಕದ ದಿನ ಮಾತ್ರ. ಹೊರಗಿನ ದೇಶಗಳಲ್ಲಿ ನಡೆದು ಬಂದ ರೂಢಿ ಅದು. ಎಡಕ್ಕೆ ಮಾತ್ರ ಹಾಕಬೇಡಿ, ಅದು ಗಳಿಸಿದವರ ಜಾಗ.

ಪಿರಿಯಾಪಟ್ಟಣದ_ಹುಡುಗ · ಬುಧವಾರ ರಾತ್ರಿ 8.15

ಎರಡು ದಿನ ಬರೆಯಲಿಲ್ಲ, ಕ್ಷಮಿಸಿ. ದೊಡ್ಡಪ್ಪ ಸರಿಯಾಗಿ ಊಟ ಮಾಡಿರಲಿಲ್ಲ. ನಿನ್ನೆ ಸಂಜೆ ಹವಲ್ದಾರ್ ಸಾಹೇಬರು ಬರೆದದ್ದನ್ನು ಜಗಲಿಯ ಮೇಲೆ ಕೂತು ಓದಿ ಹೇಳಿದೆ. 60 ಕುದುರೆ, 83 ಕುದುರೆ ಅನ್ನುವಲ್ಲಿ ತಡೆದು, ಮತ್ತೆ ಓದು ಅಂದರು.

ಆಮೇಲೆ ಒಂದು ಮಾತು ಹೇಳಿದರು. ನಮ್ಮ ಹಳ್ಳಿಯಲ್ಲಿ ಹಳಬರು ನಮ್ಮ ಮನೆಗೆ "ಸಾಯ್ಸರ ಮನೆ" ಅನ್ನುತ್ತಾರೆ. ನಾನೂ ಕೇಳಿದ್ದೇನೆ. ನಾವೆಲ್ಲ ಅದು ಯಾರೋ ಸಾಹೇಬರ ಮನೆ ಅನ್ನುವುದು ಬಾಯಲ್ಲಿ ಸವೆದು ಹಾಗಾಗಿದೆ ಅಂದುಕೊಂಡಿದ್ದೆವು. ಊರಿಗೆ ಮೊದಲಿನಿಂದಲೂ ಗೊತ್ತಿತ್ತು. ನಾವು ಮರೆತಿದ್ದೆವು.

ದೊಡ್ಡಪ್ಪನಿಗೆ ಇನ್ನೊಂದು ನೆನಪಾಯಿತು. ಅವರ ಅಪ್ಪ ಚಿಕ್ಕವರಿದ್ದಾಗ ಮುತ್ತಾತ ಎತ್ತುಗಳ ಗೊರಸನ್ನು ದಿನಾ ಸಂಜೆ ಎತ್ತಿ ಎತ್ತಿ ನೋಡುತ್ತಿದ್ದರಂತೆ. ಎತ್ತಿಗೆ ಯಾಕೆ ಇಷ್ಟು ಅಂತ ಊರವರು ಕೇಳುತ್ತಿದ್ದರಂತೆ.

ಬೆಳ್ಳಿ_ಅಂಗಡಿ · 8.31

ಓದಿ ಅಂಗಡಿಯಲ್ಲಿ ಸುಮ್ನೆ ಕೂತುಬಿಟ್ಟೆ.

ಸುಳ್ಯ_ಸೀಮೆ · 8.40

ಮನೆ ಹೆಸರುಗಳನ್ನು ಯಾರಾದರೂ ಒಟ್ಟು ಮಾಡಬೇಕು. ನಮ್ಮ ಕಡೆ ಜಮಾದಾರರ ಮನೆ, ಸುಬೇದಾರರ ಮನೆ ಅಂತ ಎಷ್ಟಿವೆ!

ಲೈಬ್ರರಿ_ಮೇಡಂ · 8.52

ದೊಡ್ಡಪ್ಪ ಹೇಳಿದ್ದನ್ನೆಲ್ಲ ಫೋನಿನಲ್ಲಿ ರೆಕಾರ್ಡ್ ಮಾಡಿ. ಇವತ್ತೇ. ಗೊರಸಿನ ಮಾತು ಯಾವ ಪತ್ರಾಗಾರದಲ್ಲೂ ಸಿಗುವುದಿಲ್ಲ.

ಅಂಚು_ಓದುಗ · 9.05

ಬೆಂಗಳೂರಿಗೆ ಬಂದರೆ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಇದೆ, ದೊಡ್ಡಪ್ಪನನ್ನು ಕರೆದುಕೊಂಡು ಹೋಗಿ. ಈ ಪಡೆ ಈಗ ಬೇರೆ ಹೆಸರಿನಲ್ಲಿ ಇದೆ ಅಂತಲೂ ಹೇಳಿ. 1953ರಲ್ಲಿ ಸಂಸ್ಥಾನಗಳ ಕುದುರೆ ಪಡೆಗಳನ್ನು ಸೇರಿಸಿ 61ನೇ ಕ್ಯಾವಲ್ರಿ ಕಟ್ಟಿದರು. ಮೈಸೂರಿನವರೂ ಅದಕ್ಕೇ ಸೇರಿದರು. ಗಣರಾಜ್ಯೋತ್ಸವದ ಮೆರವಣಿಗೆಯಲ್ಲಿ ಕುದುರೆಗಳ ಮೇಲೆ ಬರುವುದು ಅವರೇ.

ಪಿರಿಯಾಪಟ್ಟಣದ_ಹುಡುಗ · 9.20

ಮುಂದಿನ ಶನಿವಾರ ಹೋಗುತ್ತೇವೆ. ದೊಡ್ಡಪ್ಪ ಈಗಲೇ ಬಿಳಿ ಪಂಚೆ ತೆಗೆದಿಟ್ಟಿದ್ದಾರೆ. ಸೋಮವಾರ ಪತ್ರಾಗಾರ. ನಂಬರ್ ಮೂರು ಕಡೆ ಬರೆದಿಟ್ಟಿದ್ದೇನೆ.

ರಿಬ್ಬನ್ ಪೂರ್ತಿ ಹರಿದಿದೆ, ಬಣ್ಣ ಗೊತ್ತಾಗುತ್ತಿಲ್ಲ. ಹೊಸದು ಹಾಕಬಹುದಾ?

ಹಳೇನಾಣ್ಯ · 9.34

ಮಧ್ಯೆ ಕಿತ್ತಳೆ, ಎರಡೂ ಪಕ್ಕ ಬಿಳಿ, ಕಪ್ಪು, ಕೊನೆಗೆ ನೀಲಿ. ಹೊಸದು ಹಾಕಿ. ಆದರೆ ಹಳೆಯ ಚೂರನ್ನು ಬಿಸಾಡಬೇಡಿ, ಕಾಗದದಲ್ಲಿ ಸುತ್ತಿ ಅದೇ ಪೆಟ್ಟಿಗೆಯಲ್ಲಿಡಿ. ನನ್ನ ಹತ್ತಿರ ಒಂದು ಗೇಣು ಇದೆ. ವಿಳಾಸ ಖಾಸಗಿಯಾಗಿ ಕಳಿಸಿ, ಅಂಚೆಯಲ್ಲಿ ಹಾಕುತ್ತೇನೆ. ದುಡ್ಡು ಬೇಡ.

ಹೈಫಾದಿಂದ_ಕುಡ್ಲ · 10.02

ಅಣ್ಣ, ಸೆಪ್ಟೆಂಬರ್ 23ಕ್ಕೆ ನನಗೆ ರಜೆ ಸಿಕ್ಕಿದರೆ ಸ್ಮಶಾನಕ್ಕೆ ಹೋಗಿ ಫೋಟೋ ಹಾಕುತ್ತೇನೆ. ದೊಡ್ಡಪ್ಪನಿಗೆ ತೋರಿಸಿ. ಗುಡ್ಡದ ಫೋಟೋ ನಾಳೆಯೇ ಹಾಕುತ್ತೇನೆ, ಅಜ್ಜಿಯ ಮನೆ ಬಾಲ್ಕನಿಯಿಂದ ಚೆನ್ನಾಗಿ ಕಾಣುತ್ತದೆ.